ಗ್ಯಾಸ್ಟ್ರಿಕ್ ಮಾತ್ರೆ ಮಾತ್ರೆಯಲ್ಲವೇ?

ನಮ್ಮ ಹತ್ತಿರದ ಬಂಧುವೊಬ್ಬರಿಗೆ ಹೃದಯಾಘಾತವಾಯಿತು. ದೇವರ ದಯೆಯಿಂದ ಸಕಾಲಕ್ಕೆ ಆಸ್ಪತ್ರೆ ಸೇರಿದರು. ಸ್ಟೆಂಟ್ ಹಾಕಿದರು, ಕೆಲವೇ ದಿನಗಳಲ್ಲಿ ಮನೆಗೆ ಬಂದರು. ಎರಡು ತಿಂಗಳ ಬಳಿಕ ಅವರನ್ನು ನೋಡಲು ಹೋದಾಗ, ಈಗ ಯಾವ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದೆವು. ಅವರು ಬೆರಳು ಮಡಚುತ್ತಾ ಲೆಕ್ಕ ಕೊಟ್ಟರು. ರಕ್ತ ತೆಳು ಮಾಡುವುದು ಎರಡು, ಕೊಬ್ಬಿನದ್ದು ಒಂದು, ಬಿ.ಪಿ.ಯದ್ದು ಒಂದು, ಸಕ್ಕರೆಯದ್ದು ಒಂದು. ಒಟ್ಟು ಐದು. ಆದರೆ ಮೇಜಿನ ಮೇಲಿದ್ದ ಡಬ್ಬದಲ್ಲಿ ಆರು ಬಗೆಯ ಮಾತ್ರೆಗಳಿದ್ದವು. ಆರನೆಯದನ್ನು ಎತ್ತಿ ತೋರಿಸಿದಾಗ ಅವರು ನಕ್ಕುಬಿಟ್ಟರು. "ಅದು ಮಾತ್ರೆಯಲ್ಲ ಮಾರಾಯ್ರೆ, ಅದು ಗ್ಯಾಸ್ಟ್ರಿಕ್‌ನದ್ದು!"

ನಾವೂ ನಕ್ಕೆವು. ಆದರೆ ಪಟ್ಟಿಯ ಹಿಂಬದಿಯನ್ನು ಓದಿದಾಗ ಆ ನಗು ಉಳಿಯಲಿಲ್ಲ. ಅದು ಒಮೆಪ್ರಜೋಲ್. ರಕ್ತ ತೆಳು ಮಾಡುವ ಎರಡರಲ್ಲಿ ಒಂದು ಆ್ಯಸ್ಪಿರಿನ್, ಇನ್ನೊಂದು ಕ್ಲೋಪಿಡೋಗ್ರೆಲ್. ಕ್ಲೋಪಿಡೋಗ್ರೆಲ್ ಸೇವಿಸುವವರು ಒಮೆಪ್ರಜೋಲ್ ಸೇವಿಸಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದ್ದು 2009ರಲ್ಲಿ! ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಕಾಗದವನ್ನು ತರಿಸಿ ನೋಡಿದೆವು. ಅಲ್ಲಿ ವೈದ್ಯರು ಸರಿಯಾಗಿಯೇ ಪ್ಯಾಂಟೊಪ್ರಜೋಲ್ ಎಂದು ಬರೆದಿದ್ದರು. ಹಾಗಾದರೆ ಒಮೆಪ್ರಜೋಲ್ ಬಂದದ್ದೆಲ್ಲಿಂದ? ಊರಿನ ಔಷಧಿ ಅಂಗಡಿಯಿಂದ. "ಅದು ಸ್ಟಾಕ್ ಇಲ್ಲ, ಇದೂ ಗ್ಯಾಸ್ಟ್ರಿಕ್‌ನದ್ದೇ, ಎರಡೂ ಒಂದೇ" ಎಂದು ಕೊಟ್ಟಿದ್ದರಂತೆ. ಇವರೂ ಮರುಮಾತಿಲ್ಲದೆ ತಂದು ನುಂಗುತ್ತಿದ್ದರು.

ನಮ್ಮ ಬಂಧುವಿಗೆ ಏನೂ ಆಗಲಿಲ್ಲ. ಅಂದೇ ವೈದ್ಯರನ್ನು ಸಂಪರ್ಕಿಸಿದೆವು, ಆರನೆಯ ಮಾತ್ರೆ ಬದಲಾಯಿತು, ಅವರು ಆರೋಗ್ಯವಾಗಿದ್ದಾರೆ. ಆದ್ದರಿಂದ ಇದು ಯಾರನ್ನೋ ಹೆದರಿಸಲು ಬರೆದ ದುರಂತ ಕಥೆಯಲ್ಲ. "ಅದು ಮಾತ್ರೆಯಲ್ಲ" ಎಂಬ ಆ ಒಂದು ಮಾತಿನ ವಿರುದ್ಧ ನಮ್ಮ ತಕರಾರು. ಆ ಮಾತು ನಮ್ಮ ಬಂಧುವಿನದ್ದು ಮಾತ್ರವಲ್ಲ. ರೋಗಿ ಹಾಗೆಂದುಕೊಂಡಿದ್ದಾನೆ, ಅಂಗಡಿಯವನು ಹಾಗೆಂದುಕೊಂಡಿದ್ದಾನೆ, ಕೆಲವು ವೈದ್ಯರೂ ಹಾಗೆಂದುಕೊಂಡಿದ್ದಾರೆ.

ಎರಡು ಮಾತ್ರೆ, ಒಂದೇ ಬಾಗಿಲು

ಮೊದಲು ವಿಷಯವನ್ನು ಸರಳವಾಗಿ ಅರ್ಥ ಮಾಡಿಕೊಳ್ಳೋಣ. ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳೆಂಬ ಕಿರುಬಿಲ್ಲೆಗಳಿವೆ. ಗಾಯವಾದಾಗ ಅವು ಒಂದಕ್ಕೊಂದು ಅಂಟಿಕೊಂಡು ರಕ್ತಸ್ರಾವವನ್ನು ನಿಲ್ಲಿಸುತ್ತವೆ. ಇದು ಸೃಷ್ಟಿಯ ಒಂದು ಅನುಗ್ರಹ. ಆದರೆ ಇದೇ ಅಂಟುವಿಕೆ ಹೃದಯದ ರಕ್ತನಾಳದೊಳಗೆ ನಡೆದರೆ ಅದುವೇ ಹೃದಯಾಘಾತ. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಇಟ್ಟ ಲೋಹದ ಬಲೆ. ಅದರ ಮೇಲೆ ದೇಹ ತನ್ನದೇ ಒಳಪದರವನ್ನು ಹೊದಿಸುವ ತನಕ ಪ್ಲೇಟ್‌ಲೆಟ್‌ಗಳಿಗೆ ಅದು ಪರಕೀಯ ವಸ್ತು. ಅಲ್ಲಿ ರಕ್ತ ಹೆಪ್ಪುಗಟ್ಟುವುದು ಅಪರೂಪ, ಆದರೆ ಕಟ್ಟಿದರೆ ಪ್ರಾಣಾಪಾಯ. ಅದಕ್ಕಾಗಿಯೇ ಆ್ಯಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು ಮಾತ್ರೆಯನ್ನು ಆರು ತಿಂಗಳು, ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. 2001ರಲ್ಲಿ ಪ್ರಕಟವಾದ ಕ್ಯೂರ್ ಎಂಬ ಅಧ್ಯಯನದಲ್ಲಿ 12,562 ಹೃದ್ರೋಗಿಗಳಿದ್ದರು. ಬರೇ ಆ್ಯಸ್ಪಿರಿನ್ ಪಡೆದವರಲ್ಲಿ ಶೇ. 11.4 ಮಂದಿಗೆ ಹೃದಯ ಸಂಬಂಧಿ ಸಾವು, ಮರು ಹೃದಯಾಘಾತ ಅಥವಾ ಪಾರ್ಶ್ವವಾಯು ಉಂಟಾದರೆ, ಜೊತೆಗೆ ಕ್ಲೋಪಿಡೋಗ್ರೆಲ್ ಪಡೆದವರಲ್ಲಿ ಅದು ಶೇ. 9.3ಕ್ಕೆ ಇಳಿಯಿತು.

ಈ ಕ್ಲೋಪಿಡೋಗ್ರೆಲ್‌ಗೆ ಒಂದು ವಿಶೇಷವಿದೆ. ನಾವು ನುಂಗುವಾಗ ಅದು ಔಷಧಿಯಾಗಿರುವುದಿಲ್ಲ. ಯಕೃತ್ತಿಗೆ, ಅಂದರೆ ಲಿವರ್‌ಗೆ ಹೋಗಿ ಅಲ್ಲಿ ಬದಲಾವಣೆ ಹೊಂದಿದ ಮೇಲಷ್ಟೇ ಅದು ಔಷಧಿಯಾಗುತ್ತದೆ. ನುಂಗಿದ್ದರಲ್ಲಿ ಹೆಚ್ಚಿನ ಪಾಲು, ಸುಮಾರು ಶೇ. 85ರಷ್ಟು, ಕೆಲಸಕ್ಕೆ ಬಾರದೆ ಹೋಗುತ್ತದೆ. ಉಳಿದ ಸಣ್ಣ ಪಾಲನ್ನು ಔಷಧಿಯಾಗಿಸುವುದರಲ್ಲಿ ಮುಖ್ಯ ಪಾತ್ರ ವಹಿಸುವುದು ಸಿವೈಪಿ2ಸಿ19 ಎಂಬ ಕಿಣ್ವ. ಹೆಸರು ನೆನಪಿಡಬೇಕಾಗಿಲ್ಲ. ಅದನ್ನು ಒಂದು ಬಾಗಿಲೆಂದು ತಿಳಿಯಿರಿ. ಆ ಬಾಗಿಲ ಮೂಲಕ ಒಳಹೋದರೆ ಮಾತ್ರ ಕ್ಲೋಪಿಡೋಗ್ರೆಲ್‌ಗೆ ಶಕ್ತಿ.

ಒಮೆಪ್ರಜೋಲ್ ಮಾಡುವ ಕೆಲಸ ಹೊಟ್ಟೆಯಲ್ಲಿ. ಆಮ್ಲ ಸುರಿಸುವ ಕೋಶಗಳ ಪಂಪನ್ನು ಅದು ನಿಲ್ಲಿಸುತ್ತದೆ. ಆದರೆ ದೇಹದಿಂದ ಹೊರಹೋಗಲು ಅದಕ್ಕೂ ಅದೇ ಬಾಗಿಲು ಬೇಕು. ಸುಮ್ಮನೆ ಹಾದುಹೋಗುವುದಿಲ್ಲ, ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅಮೆರಿಕದ ನಿಯಂತ್ರಣ ಸಂಸ್ಥೆಯ ಮುಂದೆ ಬಂದ ಪ್ರಯೋಗಗಳಲ್ಲಿ ಒಮೆಪ್ರಜೋಲ್ ಜೊತೆಗಿದ್ದಾಗ ರಕ್ತದಲ್ಲಿ ಕ್ಲೋಪಿಡೋಗ್ರೆಲ್‌ನ ಸಕ್ರಿಯ ರೂಪ ಶೇ. 40ಕ್ಕೂ ಹೆಚ್ಚು ಕಡಿಮೆಯಾಗಿತ್ತು. ಆ ಪ್ರಯೋಗಗಳಲ್ಲಿ ಕೊಟ್ಟದ್ದು 80 ಮಿಲಿಗ್ರಾಂ, ನಾವು ಸಾಮಾನ್ಯವಾಗಿ ನುಂಗುವುದು 20 ಎಂಬುದು ನಿಜ. ಆದರೆ ಫ್ರಾನ್ಸಿನ ಬ್ರೆಸ್ಟ್ ನಗರದ ವೈದ್ಯರು ಸ್ಟೆಂಟ್ ಹಾಕಿಸಿಕೊಂಡ 124 ರೋಗಿಗಳಿಗೆ ಸಾಮಾನ್ಯ ಪ್ರಮಾಣದ ಒಮೆಪ್ರಜೋಲ್ ಕೊಟ್ಟು ನಡೆಸಿದ, 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೂ ಕ್ಲೋಪಿಡೋಗ್ರೆಲ್‌ನ ಪರಿಣಾಮ ಸ್ಪಷ್ಟವಾಗಿ ಕುಗ್ಗಿತ್ತು. ಒಮೆಪ್ರಜೋಲ್‌ನ ಸಹೋದರನಾದ ಎಸೋಮೆಪ್ರಜೋಲ್‌ನದ್ದೂ ಇದೇ ಕಥೆ.

2009ರಲ್ಲಿ ಏನಾಯಿತು?

ಪ್ರಯೋಗಾಲಯದ ಲೆಕ್ಕ ಬೇರೆ, ಮನುಷ್ಯರ ಜೀವನದ ಲೆಕ್ಕ ಬೇರೆ ಎಂದು ಯಾರಾದರೂ ವಾದಿಸಬಹುದು. ಸರಿ. 2009ರ ಮಾರ್ಚ್‌ನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಾಜಿ ಸೈನಿಕರ ಆಸ್ಪತ್ರೆಗಳಿಂದ ಕ್ಲೋಪಿಡೋಗ್ರೆಲ್ ಪಡೆದು ಮನೆಗೆ ಹೋದ 8,205 ಹೃದ್ರೋಗಿಗಳನ್ನು ಅವರು ಗಮನಿಸಿದ್ದರು. ಅವರಲ್ಲಿ ಸುಮಾರು ಶೇ. 64 ಮಂದಿಗೆ ಆಮ್ಲ ಕಡಿಮೆ ಮಾಡುವ ಈ ಜಾತಿಯ ಮಾತ್ರೆಯನ್ನೂ ಕೊಡಲಾಗಿತ್ತು. ಆ ಮಾತ್ರೆ ಪಡೆಯದವರಲ್ಲಿ ಸಾವು ಅಥವಾ ಮತ್ತೆ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದವರು ಶೇ. 20.8. ಪಡೆದವರಲ್ಲಿ ಶೇ. 29.8! ವಯಸ್ಸು, ಇತರ ಕಾಯಿಲೆ ಮುಂತಾದ ವ್ಯತ್ಯಾಸಗಳನ್ನು ಸರಿದೂಗಿಸಿದ ಮೇಲೂ ಅಪಾಯ ಸುಮಾರು ಕಾಲು ಭಾಗದಷ್ಟು ಹೆಚ್ಚೇ ಉಳಿಯಿತು. ಅದೇ ವರ್ಷ ಕೆನಡಾದ ಒಂಟಾರಿಯೊ ಪ್ರಾಂತ್ಯದ 13,636 ರೋಗಿಗಳ ಅಧ್ಯಯನವೂ ಬಂತು. ಅಲ್ಲೂ ಇಂಥದ್ದೇ ಫಲಿತಾಂಶ. ಆದರೆ ಅದರಲ್ಲಿ ಒಂದು ಮಹತ್ವದ ಸಂಗತಿಯಿತ್ತು: ಪ್ಯಾಂಟೊಪ್ರಜೋಲ್ ಪಡೆದವರಲ್ಲಿ ಆ ಹೆಚ್ಚಿನ ಅಪಾಯ ಕಂಡುಬರಲಿಲ್ಲ. ಪ್ಯಾಂಟೊಪ್ರಜೋಲ್ ಆ ಬಾಗಿಲಿಗೆ ಅಷ್ಟಾಗಿ ಅಡ್ಡ ನಿಲ್ಲುವುದಿಲ್ಲ.

2009ರ ನವೆಂಬರ್ 17ರಂದು ಅಮೆರಿಕದ ನಿಯಂತ್ರಣ ಸಂಸ್ಥೆ ಈ ಜೋಡಿಯನ್ನು ತಪ್ಪಿಸಿ ಎಂದು ಸ್ಪಷ್ಟವಾಗಿ ಹೇಳಿತು. 2010ರಲ್ಲಿ ಯುರೋಪಿನ ಸಂಸ್ಥೆಯೂ ಒಮೆಪ್ರಜೋಲ್ ಮತ್ತು ಎಸೋಮೆಪ್ರಜೋಲ್‌ಗಳನ್ನು ಹೆಸರಿಸಿ ಅದನ್ನೇ ಹೇಳಿತು. ಇಷ್ಟು ವರ್ಷಗಳು ಕಳೆದ ಮೇಲೂ ನಮ್ಮೂರಿನ ಅಂಗಡಿಯಲ್ಲಿ "ಎರಡೂ ಒಂದೇ" ಎಂಬ ಮಾತು ಕೇಳಿಬರುತ್ತದೆಂದರೆ ಏನನ್ನೋಣ?

ಎದುರು ವಾದಕ್ಕೂ ಕಿವಿಗೊಡೋಣ

ಪ್ರಾಮಾಣಿಕವಾಗಿ ವಾದಿಸುವವರು ಎದುರಿನವರ ಬಲವಾದ ಮಾತನ್ನು ಮುಚ್ಚಿಡಬಾರದು. ಇಲ್ಲೂ ಅಂಥದ್ದೊಂದಿದೆ. 2010ರಲ್ಲಿ ಕೊಜೆಂಟ್ ಎಂಬ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಮೊದಲಿನ ಅಧ್ಯಯನಗಳು ಹಳೆಯ ದಾಖಲೆಗಳನ್ನು ನೋಡಿ ಮಾಡಿದವು. ಅಂಥವುಗಳಲ್ಲಿ, ಮೊದಲೇ ಹೆಚ್ಚು ಕಾಯಿಲೆಯಿದ್ದವರಿಗೇ ಗ್ಯಾಸ್ಟ್ರಿಕ್ ಮಾತ್ರೆ ಸಿಕ್ಕಿರಬಹುದು, ದೋಷ ಮಾತ್ರೆಯದ್ದಾಗಿರಲಿಕ್ಕಿಲ್ಲ ಎಂಬ ಸಂಶಯಕ್ಕೆ ಎಡೆಯಿದೆ. ಕೊಜೆಂಟ್ ಹಾಗಲ್ಲ. ರೋಗಿಗಳನ್ನು ಚೀಟಿಯೆತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕ್ಲೋಪಿಡೋಗ್ರೆಲ್ ಜೊತೆ ಒಮೆಪ್ರಜೋಲ್, ಇನ್ನೊಂದಕ್ಕೆ ಕ್ಲೋಪಿಡೋಗ್ರೆಲ್ ಮಾತ್ರ ಕೊಡಲಾಗಿತ್ತು. ಎಲ್ಲರೂ ಆ್ಯಸ್ಪಿರಿನ್ ಸೇವಿಸುತ್ತಿದ್ದರು. ಲೆಕ್ಕಕ್ಕೆ ಸಿಕ್ಕ 3,761 ಮಂದಿಯಲ್ಲಿ ಹೃದಯದ ತೊಂದರೆ ಒಮೆಪ್ರಜೋಲ್ ಗುಂಪಿನಲ್ಲಿ ಶೇ. 4.9, ಇನ್ನೊಂದರಲ್ಲಿ ಶೇ. 5.7. ಅಂದರೆ ಹಾನಿ ಕಾಣಲಿಲ್ಲ. ಹೊಟ್ಟೆಯ ರಕ್ತಸ್ರಾವ ಮುಂತಾದ ತೊಂದರೆಗಳು ಮಾತ್ರ ಶೇ. 2.9ರಿಂದ ಶೇ. 1.1ಕ್ಕೆ ಇಳಿದಿದ್ದವು.

ಇದನ್ನು ಹಿಡಿದುಕೊಂಡು ಕೆಲವರು ಎಲ್ಲವೂ ಸುಳ್ಳು ಗದ್ದಲ ಎನ್ನುತ್ತಾರೆ. ಹಾಗೆನ್ನುವವರು ಉಳಿದರ್ಧವನ್ನೂ ಹೇಳಬೇಕು. ಆ ಅಧ್ಯಯನ ಅರ್ಧದಲ್ಲೇ ನಿಂತುಹೋಯಿತು. ನಿಂತದ್ದು ವಿಜ್ಞಾನದ ಕಾರಣಕ್ಕಲ್ಲ, ನಡೆಸುತ್ತಿದ್ದ ಕಂಪೆನಿಯ ಹಣ ಮುಗಿದ ಕಾರಣಕ್ಕೆ. ಅದರಲ್ಲಿ ಬಳಸಿದ್ದು ವಿಶೇಷವಾಗಿ ತಯಾರಿಸಿದ, ಎರಡೂ ಔಷಧಿಗಳಿರುವ ಒಂದೇ ಗುಳಿಗೆ, ನಮ್ಮ ಅಂಗಡಿಯಲ್ಲಿ ಸಿಗುವ ಪ್ರತ್ಯೇಕ ಮಾತ್ರೆಗಳಲ್ಲ. ಹೃದಯದ ತೊಂದರೆಯಾದವರ ಸಂಖ್ಯೆ ಎಷ್ಟು ಕಡಿಮೆಯಿತ್ತೆಂದರೆ, ಅಪಾಯ ಇಲ್ಲವೇ ಇಲ್ಲ ಎಂದು ತಾವು ಹೇಳಲಾರೆವು ಎಂದು ಅದನ್ನು ನಡೆಸಿದ ವೈದ್ಯರೇ ಒಪ್ಪಿಕೊಂಡಿದ್ದಾರೆ.

ಆದ್ದರಿಂದ ನಮ್ಮ ನಿಲುವು ಇಷ್ಟು: ಬಾಗಿಲಿಗೆ ಅಡ್ಡ ನಿಲ್ಲುವುದು ಖಚಿತ. ಅದರಿಂದ ಎಷ್ಟು ಮಂದಿಗೆ ಹೃದಯಾಘಾತ ಮರುಕಳಿಸುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಭಿನ್ನಾಭಿಪ್ರಾಯವಿರುವ ಕಡೆ ವಿವೇಕಿಯಾದವನು ಏನು ಮಾಡಬೇಕು? ಎರಡು ದಾರಿಗಳಿವೆ. ಒಂದರಲ್ಲಿ ಗುಂಡಿಯಿದೆಯೆಂದು ಕೆಲವರು ಹೇಳುತ್ತಾರೆ, ಇಲ್ಲವೆಂದು ಕೆಲವರು ಹೇಳುತ್ತಾರೆ. ಪಕ್ಕದ ದಾರಿಯೂ ಅದೇ ಊರಿಗೆ ಹೋಗುತ್ತದೆ, ಅದರಲ್ಲಿ ಆ ಗುಂಡಿಯ ಮಾತೇ ಇಲ್ಲ. ಪ್ಯಾಂಟೊಪ್ರಜೋಲ್ ಹೊಸದಲ್ಲ, ದುಬಾರಿಯಲ್ಲ, ಜನೌಷಧಿ ಕೇಂದ್ರದಲ್ಲೂ ಸಿಗುತ್ತದೆ. 2019ರಲ್ಲಿ ಪ್ರಕಟವಾದ ಕಂಪಾಸ್ ಅಧ್ಯಯನದಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧಿ ಪಡೆಯುತ್ತಿದ್ದ 17,598 ಮಂದಿಗೆ ಪ್ಯಾಂಟೊಪ್ರಜೋಲ್ ಅಥವಾ ಹುಸಿಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಲಾಯಿತು. ಹೃದಯಕ್ಕೆ ಹಾನಿ ಕಂಡುಬರಲಿಲ್ಲ. ಕರುಳಿನ ಸೋಂಕು ಮಾತ್ರ ಸ್ವಲ್ಪ ಹೆಚ್ಚಿತ್ತು. ಇಷ್ಟಿದ್ದೂ ಗುಂಡಿಯ ದಾರಿಯಲ್ಲೇ ಹೋಗುವ ಹಠವೇಕೆ?

ನಮ್ಮ ರಕ್ತದ ಒಂದು ವಿಷಯ

ಈ ಚರ್ಚೆಯನ್ನು ಅಮೆರಿಕ, ಫ್ರಾನ್ಸ್, ಕೆನಡಾಗಳಿಗೆ ಬಿಟ್ಟು ನಾವು ನಿಶ್ಚಿಂತರಾಗಿರುವಂತಿಲ್ಲ. ನಾವು ಹೇಳಿದ ಆ ಬಾಗಿಲು ಎಲ್ಲರಲ್ಲೂ ಒಂದೇ ಅಳತೆಯದ್ದಲ್ಲ. ಕೆಲವರಲ್ಲಿ ಹುಟ್ಟಿನಿಂದಲೇ ಅದು ಅರ್ಧ ತೆರೆದಿರುತ್ತದೆ, ಕೆಲವರಲ್ಲಿ ಮುಚ್ಚಿಯೇ ಇರುತ್ತದೆ. ತಂದೆ ತಾಯಿಯರಿಂದ ಬರುವ ವಂಶವಾಹಿಯ ವಿಚಾರವಿದು. ಬ್ರಿಟನ್ನಿನಲ್ಲಿ ನೆಲೆಸಿರುವ ಬಾಂಗ್ಲಾದೇಶ ಮತ್ತು ಪಾಕಿಸ್ತಾನ ಮೂಲದ 44 ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 57 ಮಂದಿಯ ಬಾಗಿಲು ಅರ್ಧ ಅಥವಾ ಪೂರ್ತಿ ಮುಚ್ಚಿತ್ತು! ಪೂರ್ತಿ ಮುಚ್ಚಿದ್ದವರು ಶೇ. 13. ಕ್ಲೋಪಿಡೋಗ್ರೆಲ್ ಸೇವಿಸುತ್ತಿದ್ದವರಲ್ಲಿ ಇಂಥವರಿಗೆ ಮರು ಹೃದಯಾಘಾತದ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು ಕಂಡುಬಂತು.

ಅವರು ಬೇರೆ ದೇಶದವರಿರಬಹುದು, ಆದರೆ ರಕ್ತದ ನಂಟಿನಲ್ಲಿ ಈ ಉಪಖಂಡದವರೇ. ಅಮೆರಿಕದ ಬಿಳಿಯರಲ್ಲಿ ಬಾಗಿಲು ಪೂರ್ತಿ ಮುಚ್ಚಿರುವವರು ಸುಮಾರು ಶೇ. 2 ಎಂಬ ಲೆಕ್ಕದೊಂದಿಗೆ ಇದನ್ನು ಹೋಲಿಸಿ ನೋಡಿ. ಬಾಗಿಲು ವಿಶಾಲವಾಗಿ ತೆರೆದಿರುವ ಜನರೇ ಒಮೆಪ್ರಜೋಲ್‌ಗೆ ಅಂಜಿ ನಿಯಮ ಮಾಡಿಕೊಂಡಿದ್ದಾರೆ. ಬಾಗಿಲು ಮೊದಲೇ ಕಿರಿದಾದ ನಾವು ಅದಕ್ಕೆ ಅಡ್ಡಲಾಗಿ ಇನ್ನೊಂದು ಕುರ್ಚಿ ಇಡುತ್ತಿದ್ದೇವೆ.

ಯಾರು ಹೊಣೆ?

ಮೊದಲು ವೈದ್ಯರು. ನಮ್ಮ ಹೃದ್ರೋಗ ತಜ್ಞರಲ್ಲಿ ಬಹುಪಾಲು ಮಂದಿಗೆ ಇದು ತಿಳಿದ ವಿಷಯ, ಸರಿಯಾಗಿಯೇ ಬರೆಯುತ್ತಾರೆ. ಆದರೆ ಹೃದ್ರೋಗಿ ಎಂದಿಗೂ ಹೃದ್ರೋಗ ತಜ್ಞರ ಬಳಿಗೆ ಮಾತ್ರ ಹೋಗುವುದಿಲ್ಲ. ಮಂಡಿ ನೋವಿಗೆ ಮೂಳೆ ವೈದ್ಯರಲ್ಲಿಗೆ ಹೋಗುತ್ತಾನೆ. ಅಲ್ಲಿ ನೋವಿನ ಮಾತ್ರೆಯ ಜೊತೆ 'ಹೊಟ್ಟೆಗೊಂದು' ಎಂದು ಒಮೆಪ್ರಜೋಲ್. ಜ್ವರಕ್ಕೆ ಊರಿನ ಕ್ಲಿನಿಕ್‌ಗೆ ಹೋಗುತ್ತಾನೆ. ಅಲ್ಲಿ ಆ್ಯಂಟಿಬಯೋಟಿಕ್ ಜೊತೆ 'ಹೊಟ್ಟೆಗೊಂದು'. ಈ 'ಹೊಟ್ಟೆಗೊಂದು' ಎಂಬುದು ನಮ್ಮ ಚೀಟಿಗಳಲ್ಲಿ ಬಾಳೆಯೆಲೆಯ ತುದಿಗೆ ಬಡಿಸುವ ಉಪ್ಪಿನಂತಾಗಿಬಿಟ್ಟಿದೆ. ಯಾರೂ ಕೇಳದಿದ್ದರೂ ಅದು ಬರುತ್ತದೆ. ಬರೆಯುವ ಮೊದಲು "ನೀವು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?" ಎಂಬ ಒಂದು ಪ್ರಶ್ನೆಗೆ ಅರ್ಧ ನಿಮಿಷವೂ ಬೇಡ. ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿದೆ. ನಮ್ಮ ಕೈಗೆ ಬರುವ ಚೀಟಿಗಳಲ್ಲಿ ಎಷ್ಟು ಹಾಗಿವೆ?

ಎರಡನೆಯದಾಗಿ ಔಷಧಿ ಅಂಗಡಿಗಳು. ಚೀಟಿಯಲ್ಲಿ ಬರೆದ ಶೆಡ್ಯೂಲ್ ಎಚ್ ಔಷಧಿಯ ಬದಲಿಗೆ ಬೇರೊಂದನ್ನು ಕೊಡುವಂತಿಲ್ಲ ಎಂದು 1945ರ ಔಷಧ ನಿಯಮಾವಳಿ ಹೇಳುತ್ತದೆ. ಆದರೆ ವ್ಯವಹಾರದಲ್ಲಿ ಅಂಗಡಿಯ ಹುಡುಗನೇ ವೈದ್ಯ, ಅಂಗಡಿಯ ಕಪಾಟೇ ವೈದ್ಯಶಾಸ್ತ್ರ. ಹತ್ತು ಮಾತ್ರೆ ಕೇಳಿದರೆ ಪಟ್ಟಿ ಕತ್ತರಿಸಿ ಕೊಡುವಾಗ ಹೆಸರಿರುವ ತುಂಡು ಅಂಗಡಿಯಲ್ಲೇ ಉಳಿಯುತ್ತದೆ. ಮನೆಗೆ ಬರುವುದು ಹೆಸರಿಲ್ಲದ ಬೆಳ್ಳಿ ಕಾಗದ. ಎಲ್ಲ ಅಂಗಡಿಯವರೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ಚೀಟಿಯಲ್ಲಿನ ತಪ್ಪನ್ನು ಗುರುತಿಸಿ ವೈದ್ಯರಿಗೆ ಫೋನ್ ಮಾಡುವ ಫಾರ್ಮಸಿಸ್ಟ್‌ಗಳೂ ಇದ್ದಾರೆ. ಅಂಥವರು ರೋಗಿಯ ನಿಜವಾದ ಮಿತ್ರರು. ಆದರೆ ಅಂಗಡಿಯ ಗೋಡೆಯಲ್ಲಿ ತೂಗುಹಾಕಿದ ಪ್ರಮಾಣಪತ್ರದ ಫಾರ್ಮಸಿಸ್ಟ್ ಗಲ್ಲೆಯ ಹಿಂದೆ ನಿಂತಿರುವ ಅಂಗಡಿಗಳೆಷ್ಟು?

ಮೂರನೆಯದಾಗಿ ಆಡಳಿತ. 2017ರ ಫೆಬ್ರವರಿಯಲ್ಲಿ ಸ್ಟೆಂಟ್‌ಗಳ ಬೆಲೆಗೆ ಮಿತಿ ಹಾಕಿದಾಗ ನಾವೆಲ್ಲರೂ ಸ್ವಾಗತಿಸಿದೆವು. ಔಷಧ ಲೇಪಿತ ಸ್ಟೆಂಟ್‌ನ ಬೆಲೆಯನ್ನು ಅಂದು 29,600 ರೂಪಾಯಿಗೆ ನಿಗದಿಪಡಿಸಲಾಯಿತು. ಬಡವನ ಎದೆಗೂ ಸ್ಟೆಂಟ್ ಬಂತು. ಒಳ್ಳೆಯದೇ. ಆದರೆ ಆ ಸ್ಟೆಂಟನ್ನು ಕಾಯುವ ಮಾತ್ರೆಯ ಹೆಸರನ್ನು ಆ ಬಡವ ಓದಬಲ್ಲನೇ? ಔಷಧಿಯ ಮೂಲ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡದಾಗಿರಬೇಕೆಂದು 2018ರಲ್ಲಿ ನಿಯಮ ಬಂತು. ಆದರೆ ಅಕ್ಷರ ದೊಡ್ಡದಾದರೆ ಸಾಲದು, ಓದುವವನಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಕನ್ನಡ ಮಾತ್ರ ಬಲ್ಲ ತಾಯಿಯೊಬ್ಬಳು ಮಾತ್ರೆಯನ್ನು ಬಣ್ಣ ನೋಡಿ ಗುರುತಿಸುತ್ತಾಳೆ. ಕಂಪೆನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಹೃದ್ರೋಗಿಗಳಿಗೆ ಬಿಡುಗಡೆಯ ದಿನ ಕನ್ನಡದಲ್ಲಿ ಒಂದು ಪುಟ, ಅದರಲ್ಲಿ 'ಒಮೆಪ್ರಜೋಲ್, ಎಸೋಮೆಪ್ರಜೋಲ್ ವೈದ್ಯರನ್ನು ಕೇಳದೆ ಬೇಡ' ಎಂಬ ಒಂದು ಸಾಲು ಕೊಡಲು ಆಸ್ಪತ್ರೆಗಳಿಗೆ ಎಷ್ಟು ಖರ್ಚಾದೀತು?

ನಾಲ್ಕನೆಯವರು ನಾವು

ಬೇರೆಯವರತ್ತ ಬೆರಳು ತೋರಿಸಿದ ಮೇಲೆ ನಮ್ಮತ್ತ ತೋರಿಸಿಕೊಳ್ಳದಿದ್ದರೆ ಅದು ನ್ಯಾಯವಲ್ಲ. ಕನ್ನಡದಲ್ಲಿ 'ಗ್ಯಾಸ್ಟ್ರಿಕ್' ಎಂಬ ಪದಕ್ಕೆ ನಾವು ಕೊಟ್ಟಿರುವ ಅರ್ಥವನ್ನು ಯಾವ ನಿಘಂಟೂ ಕೊಟ್ಟಿಲ್ಲ. ಎದೆಯುರಿ ಗ್ಯಾಸ್ಟ್ರಿಕ್, ಹೊಟ್ಟೆಯುಬ್ಬರ ಗ್ಯಾಸ್ಟ್ರಿಕ್, ತಲೆಸುತ್ತು ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಗಂಟಲಿನಿಂದ ಹೊಕ್ಕುಳಿನವರೆಗೆ ಎಲ್ಲಿ ನೋವು ಬಂದರೂ ನಮಗೆ ಅದೊಂದೇ ಹೆಸರು. ಈ ಹೆಸರಿನಿಂದ ಎರಡು ಅನಾಹುತ. ನಿಜವಾದ ಹೃದಯಾಘಾತ ಬಂದಾಗಲೂ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ, ಸೋಡಾ ಕುಡಿದು, ಬೆಳಗಾಗಲಿ ಎಂದು ಮಲಗುತ್ತೇವೆ. ಸಕ್ಕರೆ ಕಾಯಿಲೆಯವರಲ್ಲಿ, ಮಹಿಳೆಯರಲ್ಲಿ ಹೃದಯಾಘಾತ ಬರೇ ಹೊಟ್ಟೆ ತೊಳಸಿದಂತೆ, ಬರೇ ಸುಸ್ತಿನಂತೆ ಕಾಣಿಸಿಕೊಳ್ಳುವುದುಂಟು ಎಂಬುದು ನೆನಪಿರುವುದಿಲ್ಲ. ಅದೃಷ್ಟವಶಾತ್ ಬದುಕಿಬಂದವರು ಅದೇ ಗ್ಯಾಸ್ಟ್ರಿಕ್ ಮಾತ್ರೆಯನ್ನು ಕ್ಲೋಪಿಡೋಗ್ರೆಲ್ ಪಕ್ಕದಲ್ಲಿಟ್ಟು ನುಂಗುತ್ತೇವೆ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಜನ ಸಾಲುಗಟ್ಟಿದರು. ಭಯ ಸಹಜ. ಆದರೆ ಆ ಸಾಲು ಕೆಲವು ದಿನಗಳಲ್ಲಿ ಕರಗಿತು. ಒಂದು ದಿನದ ಭಯಕ್ಕೆ ನೂರು ಕಿಲೋಮೀಟರ್ ಹೋಗಿ ಸಾಲು ನಿಲ್ಲುವ ನಾವು, ಪ್ರತಿದಿನ ನುಂಗುವ ಮಾತ್ರೆಯ ಹೆಸರನ್ನು ಓದಲು ಕನ್ನಡಕ ಹಾಕಿಕೊಳ್ಳುವುದಿಲ್ಲ ಎಂಬುದು ವಿಪರ್ಯಾಸ.

ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೊಂದು ದಾರಿಯೂ ಇದೆ. ಕೊಲ್ಲಿಯಿಂದ ರಜೆಯಲ್ಲಿ ಬರುವ ಮಗ ತಂದೆಗೆಂದು 'ಒಳ್ಳೆಯ ಕಂಪೆನಿಯ' ಗ್ಯಾಸ್ಟ್ರಿಕ್ ಮಾತ್ರೆ ತರುತ್ತಾನೆ. ಪ್ರೀತಿಯಿಂದಲೇ ತರುತ್ತಾನೆ. ಅಲ್ಲಿನ ಮಾತ್ರೆ, ಇಲ್ಲಿನ ಮಾತ್ರೆ ಎರಡೂ ಒಂದೇ ಡಬ್ಬದಲ್ಲಿ ಬೆರೆಯುತ್ತವೆ. ಬ್ರಾಂಡ್ ಹೆಸರು ಬೇರೆ ಬೇರೆಯಾದ್ದರಿಂದ ಒಳಗಿರುವುದು ಎಸೋಮೆಪ್ರಜೋಲ್ ಎಂದು ಇಲ್ಲಿನ ವೈದ್ಯರಿಗೂ ತಿಳಿಯುವುದಿಲ್ಲ.

ರಮಝಾನಿನಲ್ಲಂತೂ ಕೇಳುವುದೇ ಬೇಡ. ಹಗಲಿಡೀ ಖಾಲಿಯಿದ್ದ ಹೊಟ್ಟೆಗೆ ಇಫ್ತಾರ್ ಹೊತ್ತಿಗೆ ಸಮೋಸ, ಕಟ್ಲೆಟ್, ಪೊರೋಟ ಸುರಿದು, ಎದೆ ಉರಿಯುತ್ತದೆಂದು ಸಹರಿಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆ. "ನಾವು ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ, ಹೃದಯದ್ದು ಇಫ್ತಾರಿಗೆ, ಗ್ಯಾಸ್ಟ್ರಿಕ್‌ನದ್ದು ಸಹರಿಗೆ" ಎಂದು ಕೆಲವರು ಬುದ್ಧಿವಂತಿಕೆಯಿಂದ ಹೇಳುವುದನ್ನು ಕೇಳಿದ್ದೇವೆ. ಈ ಬುದ್ಧಿವಂತಿಕೆ ಇಲ್ಲಿ ನಡೆಯದು. ಹನ್ನೆರಡು ಗಂಟೆ ಅಂತರ ಕೊಟ್ಟು ಪರೀಕ್ಷಿಸಿದಾಗಲೂ ಒಮೆಪ್ರಜೋಲ್ ಬಾಗಿಲಿಗೆ ಅಡ್ಡ ನಿಂತದ್ದು ಕಂಡುಬಂದಿದೆ. ಸ್ಟೆಂಟ್ ಹಾಕಿಸಿಕೊಂಡವರು ಉಪವಾಸ ಹಿಡಿಯಬಹುದೇ, ಮಾತ್ರೆಗಳ ವೇಳೆ ಹೇಗಿರಬೇಕು ಎಂಬುದನ್ನು ರಮಝಾನಿಗೆ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ರೋಗಿಗೆ ಧರ್ಮವೇ ವಿನಾಯಿತಿ ಕೊಟ್ಟಿರುವಾಗ ಕೇಳುವುದರಲ್ಲಿ ಸಂಕೋಚವೇಕೆ?

ಅರ್ಧ ಓದಿ ನಿಲ್ಲಿಸಬೇಡಿ

ಇಷ್ಟನ್ನು ಓದಿ ಯಾರಾದರೂ ಮಾತ್ರೆಗಳನ್ನು ಕಿಟಕಿಯಿಂದ ಎಸೆದರೆ ಈ ಬರಹ ಬರೆದದ್ದು ಪಾಪವಾದೀತು. ಆದ್ದರಿಂದ ಒತ್ತಿ ಹೇಳುತ್ತೇವೆ. ಕ್ಲೋಪಿಡೋಗ್ರೆಲನ್ನು ವೈದ್ಯರು ಹೇಳದೆ ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಅದನ್ನು ತಾವಾಗಿ ನಿಲ್ಲಿಸುವುದು, ಒಮೆಪ್ರಜೋಲ್ ಜೊತೆ ಸೇವಿಸುವುದಕ್ಕಿಂತ ಎಷ್ಟೋ ಪಾಲು ದೊಡ್ಡ ಅಪಾಯ. ಹಲ್ಲು ಕೀಳಿಸಲು ಹೋದರೂ ಹೃದಯದ ವೈದ್ಯರನ್ನು ಕೇಳಿಯೇ ತೀರ್ಮಾನಿಸಿ.

ಹಾಗೆಯೇ ಗ್ಯಾಸ್ಟ್ರಿಕ್ ಮಾತ್ರೆಯೇ ಬೇಡ ಎಂದೂ ನಾವು ಹೇಳುತ್ತಿಲ್ಲ. ಆ್ಯಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಸೇವಿಸುವವರಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ನಿಜಕ್ಕೂ ಇದೆ. ಕೊಜೆಂಟ್ ತೋರಿಸಿದ್ದೂ ಅದನ್ನೇ. ವಯಸ್ಸಾದವರಿಗೆ, ಹಿಂದೆ ಹುಣ್ಣು ಅಥವಾ ರಕ್ತಸ್ರಾವವಾದವರಿಗೆ, ನೋವಿನ ಮಾತ್ರೆ ನುಂಗುವವರಿಗೆ ಆಮ್ಲ ಕಡಿಮೆ ಮಾಡುವ ಮಾತ್ರೆ ಜೀವ ಉಳಿಸುವ ಮಾತ್ರೆ. ಬೇಕೇ ಬೇಡವೇ ಎಂಬುದಲ್ಲ ನಮ್ಮ ಜಗಳ. ಯಾವುದು ಎಂಬುದರಲ್ಲಿ ಜಗಳ. ಪ್ಯಾಂಟೊಪ್ರಜೋಲ್ ಇದೆ. ಆ ಬಾಗಿಲಿಗೆ ಅಡ್ಡ ಬಾರದ ಫ್ಯಾಮೋಟಿಡಿನ್‌ನಂಥ ಬೇರೆ ಜಾತಿಯದ್ದೂ ಇದೆ. ಕೆಲವರಿಗೆ ಕ್ಲೋಪಿಡೋಗ್ರೆಲ್ ಬದಲಿಗೆ ಟಿಕಾಗ್ರೆಲರ್, ಪ್ರಾಸುಗ್ರೆಲ್‌ಗಳನ್ನು ವೈದ್ಯರು ಕೊಟ್ಟಿರುತ್ತಾರೆ. ಅವುಗಳಿಗೆ ಈ ಬಾಗಿಲಿನ ತೊಂದರೆ ಇಲ್ಲ, ಆದರೆ ರಕ್ತಸ್ರಾವದ ಅಪಾಯ ಹೆಚ್ಚು. ಯಾರಿಗೆ ಯಾವುದು ಎಂಬುದನ್ನು ಪತ್ರಿಕೆ ತೀರ್ಮಾನಿಸಲಾರದು, ವೈದ್ಯರೇ ತೀರ್ಮಾನಿಸಬೇಕು. ಆದರೆ ಪ್ರಶ್ನೆ ಕೇಳಬೇಕಾದವರು ನಾವು.

ಇಂದು ಸಂಜೆ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ನಿಮ್ಮ ಮನೆಯಲ್ಲಿ ಹೃದ್ರೋಗಿಗಳಿದ್ದರೆ ಅವರ ಮಾತ್ರೆಯ ಡಬ್ಬವನ್ನು ಮೇಜಿನ ಮೇಲೆ ಸುರಿಯಿರಿ. ಬ್ರಾಂಡ್ ಹೆಸರನ್ನು ಬಿಡಿ, ಅದರ ಜೊತೆ ಮುದ್ರಿಸಿರುವ ಮೂಲ ಹೆಸರನ್ನು ಓದಿ. ಓದಲು ಬಾರದವರಿಗೆ ಮನೆಯ ಶಾಲಾ ಮಕ್ಕಳು ಓದಿ ಹೇಳಲಿ. ಒಂದು ಕಾಗದದಲ್ಲಿ ಕನ್ನಡದಲ್ಲಿ ಎಲ್ಲವನ್ನೂ ಬರೆದು ಡಬ್ಬದೊಳಗಿಡಿ. ಕ್ಲೋಪಿಡೋಗ್ರೆಲ್ ಜೊತೆಗೆ ಒಮೆಪ್ರಜೋಲ್ ಅಥವಾ ಎಸೋಮೆಪ್ರಜೋಲ್ ಕಂಡರೆ ಗಾಬರಿ ಬೇಡ, ನಾಳೆಯೇ ವೈದ್ಯರನ್ನು ಕೇಳಿ. ಯಾವ ವೈದ್ಯರ ಬಳಿಗೆ ಹೋದರೂ, ಅದು ಹಲ್ಲಿನವರಿರಲಿ ಚರ್ಮದವರಿರಲಿ, ಆ ಕಾಗದ ಕೈಯಲ್ಲಿರಲಿ.

ಮತ್ತು ಯಾರಾದರೂ ಎಷ್ಟು ಮಾತ್ರೆ ಎಂದು ಕೇಳಿದರೆ ಆರನೆಯದನ್ನೂ ಎಣಿಸಿ. ನಮ್ಮ ಬಂಧು ಈಗ ಆರು ಎಂದೇ ಹೇಳುತ್ತಾರೆ.